ತೆರೆಯುವುದಕ್ಕೂ ಮುಚ್ಚುವುದಕ್ಕೂ ನಡುವೆ

ವಿಮರ್ಶೆ ಎಂದರೆ ಕವಿತೆ, ಕಾದಂಬರಿ, ನಾಟಕಗಳಿಗೆ ಸೇರಿದ್ದು ಎಂದು ನಾವು ತಿಳಿದಿದ್ದೇವೆ. ದಿನಕ್ಕೆ ಹತ್ತು ಸಲ ಕೈಗೆ ಬರುವ ವಸ್ತುಗಳ ಬಗ್ಗೆ ನಮ್ಮಲ್ಲಿ ಗೊಣಗಾಟವುಂಟು, ವಿಮರ್ಶೆಯಿಲ್ಲ. ನಾನು ಇಲ್ಲಿ ಎತ್ತಿಕೊಂಡಿರುವುದು ಒಂದು ಪ್ಲಾಸ್ಟಿಕ್ ಮುಚ್ಚಳವನ್ನು. ಮನೆಯಲ್ಲಿ ಬಿಯರ್ ಮಾಡುವವರು ಪಾತ್ರೆ, ಕೊಳವೆ, ಸೀಸೆಗಳನ್ನು ಶುದ್ಧಗೊಳಿಸಲು ಬಳಸುವ ಸ್ಯಾನಿಟೈಸರಿನ ಬಾಟಲಿಯ ಮುಚ್ಚಳ ಅದು. ಕೋವಿಡ್ ಕಾಲದಲ್ಲಿ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್ ಅಲ್ಲ. ನೀರು ಬೆರೆಸದೆ ಮುಟ್ಟಿದರೆ ಚರ್ಮ ಸುಡುವಂಥದ್ದು.

ಊರಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಬಕಾರಿ ಅಪರಾಧ. ಬ್ರಿಟನ್ನಿನಲ್ಲೂ 1880ರಿಂದ ಮನೆಯ ಬಿಯರಿಗೆ ಲೈಸೆನ್ಸ್ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವರಾಗಿದ್ದ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಮಾರುವಂತಿಲ್ಲ, ಮನೆಯಲ್ಲಿ ಮಾಡಿ ಕುಡಿಯಬಹುದು. ಆಮೇಲೆ ಔಷಧಿ ಅಂಗಡಿಯಾದ ಬೂಟ್ಸ್ ಕೂಡ ಬಿಯರ್ ತಯಾರಿಯ ಕಿಟ್ ಮಾರಿತು. ನಾನಿರುವ ಹ್ಯಾರೋದ ಕನ್ನಡ ಮನೆಗಳಲ್ಲೂ ಈ ಹವ್ಯಾಸ ಇಣುಕಿದೆ. ಇಲ್ಲಿ ಬಹುಪಾಲು ಎರಡು ಮಹಾಯುದ್ಧಗಳ ನಡುವೆ ಕಟ್ಟಿದ ಜೋಡಿಮನೆಗಳು, ಅಡಿಗೆಮನೆ ಕಿರಿದು. ಒಂದೇ ಕಟ್ಟೆಯ ಮೇಲೆ ಒಂದು ಕಡೆ ಇಡ್ಲಿ ಹಿಟ್ಟು ಹುದುಗುತ್ತಿರುತ್ತದೆ, ಇನ್ನೊಂದು ಕಡೆ ಬಿಯರ್.

ಎರಡೂ ಹುದುಗುವುದೇ ಆದರೂ ನಿಯಮ ಬೇರೆ. ಇಡ್ಲಿ ಹಿಟ್ಟಿಗೆ ಉದ್ದಿನಲ್ಲಿ, ಗಾಳಿಯಲ್ಲಿ, ಕೈಯಲ್ಲಿ ಇರುವ ಸೂಕ್ಷ್ಮಜೀವಿಗಳೆಲ್ಲ ಬಂದು ಸೇರಲಿ ಎನ್ನುತ್ತೇವೆ. ಬಿಯರಿನಲ್ಲಿ ನಾವು ಹಾಕಿದ ಯೀಸ್ಟ್ ಬಿಟ್ಟು ಬೇರೆ ಯಾರೂ ಬರಬಾರದು. ಬಂದರೆ ಹುಳಿ ಹಿಡಿದು ಇಪ್ಪತ್ತು ಲೀಟರ್ ಮೋರಿಗೆ ಹೋಗುತ್ತದೆ. ಅದಕ್ಕಾಗಿ ಈ ದ್ರಾವಣ. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಫಾಸ್ಫಾರಿಕ್ ಆಮ್ಲ ಮತ್ತು ನೊರೆ ಬರಿಸುವ ಇನ್ನೊಂದು ಆಮ್ಲ ಇರುತ್ತವೆ. ನೀರಿಗೆ ಬೆರೆಸಿದ ಮೇಲೆ ಇದರ ಪಿಎಚ್ ಸುಮಾರು 3; ಅಷ್ಟು ಹುಳಿಯನ್ನು ನಾವು ಹಣ್ಣಿನ ರಸದಲ್ಲೂ ಕುಡಿಯುತ್ತೇವೆ. ಕೋಲಾ ಪಾನೀಯಗಳಿಗೆ ಹುಳಿ ಕೊಡುವುದೂ ಇದೇ ಫಾಸ್ಫಾರಿಕ್ ಆಮ್ಲ. ತೊಳೆದ ಪಾತ್ರೆಯನ್ನು ಮತ್ತೆ ನೀರಿನಲ್ಲಿ ಜಾಲಿಸಬೇಕಾಗಿಯೂ ಇಲ್ಲ. ಬೆರೆಸುವ ಮೊದಲು ಮಾತ್ರ ಅದು ಬೇರೆಯೇ ಪ್ರಾಣಿ.

ಅಳತೆ ನೋಡಿ. ಹತ್ತೊಂಬತ್ತು ಲೀಟರ್ ನೀರಿಗೆ 30 ಮಿಲಿಲೀಟರ್, ಅಂದರೆ ಲೀಟರಿಗೆ ಸುಮಾರು 1.6. ಅರ್ಧ ಲೀಟರಿನ ಬಾಟಲಿ ಮುನ್ನೂರು ಲೀಟರಿಗೆ ಬರುತ್ತದೆ. ಹೀಗೆ ಸಾಂದ್ರವಾಗಿ ಮಾರುವುದರ ಜಾಣತನವನ್ನು ನಾನು ಒಪ್ಪುತ್ತೇನೆ: ನೀರನ್ನು ಲಾರಿಯಲ್ಲಿ ಸಾಗಿಸುವುದೇಕೆ? ಆದರೆ ಹನಿ ಲೆಕ್ಕದಲ್ಲಿ ಬಳಸಬೇಕಾದ ವಸ್ತುವನ್ನು ಬಹಳ ಸಲ ಧಾರೆಯಾಗಿ ಸುರಿಯುವ ಬಾಟಲಿಯಲ್ಲಿ ಕೊಡುತ್ತಾರೆ. ನನ್ನ ಮೊದಲ ತಕರಾರು ಇಲ್ಲಿದೆ.

ಮುಚ್ಚಳವನ್ನು ಕ್ರಮವಾಗಿ ಓದೋಣ. ಮೊದಲಿಗೆ ಒತ್ತಿ ತಿರುಗಿಸಬೇಕು. ಬಾಟಲಿಯ ಮೈ ಮೆದು ಪ್ಲಾಸ್ಟಿಕ್. ಮುಚ್ಚಳವನ್ನು ಒತ್ತುವ ಕೈಗೆ ಆಧಾರವಾಗಿ ಇನ್ನೊಂದು ಕೈ ಬಾಟಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಮುಚ್ಚಳ ಬಿಟ್ಟುಕೊಂಡ ಕ್ಷಣ ಆ ಹಿಡಿತ ಹಿಂಡುವಿಕೆಯಾಗಿ ಒಳಗಿನದು ಮೇಲಕ್ಕೆ ಚಿಮ್ಮುತ್ತದೆ. ಹೊಸ ಬಾಟಲಿಯಾದರೆ ಒಳಗೊಂದು ಬೆಳ್ಳಿ ಬಣ್ಣದ ಹಾಳೆ ಅಂಟಿಸಿರುತ್ತಾರೆ. ಅದನ್ನು ಎಳೆಯಲು ಕಿವಿ ಇಟ್ಟಿರದಿದ್ದರೆ ಚಾಕುವಿನಿಂದ ಚುಚ್ಚಬೇಕು. ತುಂಬಿದ ಆಮ್ಲದ ಬಾಟಲಿಯ ಮೇಲೆ ಚಾಕು ಆಡಿಸುವುದು ಯಾವ ಸುರಕ್ಷತೆ?

ಆಮೇಲೆ ಸುರಿಯುವ ಕೆಲಸ. ಬಾಟಲಿಗೆ ಒಂದೇ ಬಾಯಿ. ದ್ರವ ಹೊರಬರಬೇಕಾದರೆ ಅಷ್ಟೇ ಗಾಳಿ ಅದೇ ಬಾಯಿಂದ ಒಳಹೋಗಬೇಕು. ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗಿದಾಗ ಗುಳುಗುಳು ಎಂದು ಬಿಟ್ಟು ಬಿಟ್ಟು ಬರುತ್ತದೆ. ಆರು ಮಿಲಿ ಬೇಕಾದಲ್ಲಿ ಇಪ್ಪತ್ತು ಬೀಳುತ್ತದೆ. ನಿಲ್ಲಿಸಲು ಬಾಟಲಿಯನ್ನು ನೆಟ್ಟಗೆ ಮಾಡಿದರೆ ಕೊನೆಯ ಹನಿ ಬಾಯಿಯ ಅಂಚಿಗೆ ಅಂಟಿ ಹೊರಮೈಯಲ್ಲಿ ಇಳಿಯುತ್ತದೆ. ಚಹಾ ಕುಡಿಯುವ ಈ ದೇಶದಲ್ಲಿ ಇದು ಯಾರಿಗೂ ಹೊಸತಲ್ಲ. ವಿಜ್ಞಾನಿಗಳು ಇದಕ್ಕೆ ಟೀಪಾಟ್ ಪರಿಣಾಮ ಎಂದೇ ಹೆಸರಿಟ್ಟಿದ್ದಾರೆ. ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞ 1957ರಲ್ಲೇ ಅದರ ಬಗ್ಗೆ ಬರೆದರು. ಟೀಪಾಟಿನಿಂದ ಸೋರಿದರೆ ಮೇಜಿನ ಬಟ್ಟೆಗೆ ಕಲೆ. ಇಲ್ಲಿ ಆ ಹನಿ ಮುಚ್ಚಳದ ಮರೆಯಲ್ಲಿ ಕುಳಿತು, ಮುಂದಿನ ವಾರ ತೆರೆಯುವ ಬೆರಳಿಗಾಗಿ ಕಾಯುತ್ತದೆ.

ಕೊನೆಗೆ ಮುಚ್ಚುವುದು. ಈ ಬಗೆಯ ಮುಚ್ಚಳ ಎರಡು ಪದರದ್ದು. ಹೊರಗಿನದು ಒಳಗಿನದರ ಮೇಲೆ ಜಾರುತ್ತ ಟಿಕ್ ಟಿಕ್ ಎನ್ನುತ್ತದೆ. ಕೆಲವು ಮುಚ್ಚಳಗಳು ಬಿಗಿಯಾದಾಗಲೂ ಟಿಕ್ ಎನ್ನುತ್ತವೆ, ಆಗದಿದ್ದಾಗಲೂ ಟಿಕ್ ಎನ್ನುತ್ತವೆ. ಹೌದು ಮತ್ತು ಅಲ್ಲ ಎರಡಕ್ಕೂ ಒಂದೇ ಮಾತು ಹೇಳುವವರನ್ನು ನಾವು ನಂಬುವುದಿಲ್ಲ. ಮುಚ್ಚಳವನ್ನು ನಂಬುತ್ತೇವೆ.

ವೀಲ್ಡ್‌ಸ್ಟೋನಿನ ಗೆಳೆಯರೊಬ್ಬರ ಮನೆಯಲ್ಲಿ ನಡೆದದ್ದು ಇದೇ. ಅವರು ಟಿಕ್ ಸದ್ದು ಕೇಳಿಯೇ ಬಾಟಲಿಯನ್ನು ಶೆಲ್ಫಿನ ಮೇಲಿಟ್ಟಿದ್ದರು. ಮುಂದಿನ ಸಲ ಎಲ್ಲರೂ ಎತ್ತುವ ಹಾಗೆ ಮುಚ್ಚಳ ಹಿಡಿದು ಎತ್ತಿದರು. ಮುಚ್ಚಳ ಕೈಯಲ್ಲಿ ಉಳಿಯಿತು, ಬಾಟಲಿ ಅಮೃತಶಿಲೆಯ ಕಟ್ಟೆಯ ಮೇಲೆ ಉರುಳಿ ಅಲ್ಲಿಂದ ನೆಲಕ್ಕೆ ಬಿತ್ತು. ಲೇಬಲ್ಲಿನಲ್ಲಿ ಕೈಗವಸು, ಕನ್ನಡಕ ಹಾಕಿಕೊಳ್ಳಿ ಎಂದು ಬರೆದಿದೆ. ಲೇಬಲ್ ಬರೆದವರ ಕಣ್ಣಮುಂದೆ ಬಹುಶಃ ಪ್ರಯೋಗಶಾಲೆ ಇತ್ತು. ನಾವೋ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಅಡಿಗೆಮನೆಗೆ ಹೋಗುವ ಜನ. ಪಾದದ ಮೇಲೆ ಹನಿ ಬಿದ್ದವು. ಗಾಬರಿಯಲ್ಲಿ ಅವರ ಹೆಂಡತಿ ನೆಲ ಒರೆಸಲು ಬ್ಲೀಚ್ ಬಾಟಲಿ ಎತ್ತಿಕೊಂಡರು. ನಾನು ಬೇಡವೆಂದೆ. ಆಮ್ಲಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ; ಪಾದದ ಉರಿ ಎದೆಗೆ ಏರುತ್ತದೆ. ಗೆಳೆಯರ ಪಾದ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹರಿವ ನೀರಿನ ಕೆಳಗಿತ್ತು. ಕಿಟಕಿ ತೆರೆದು, ರಬ್ಬರ್ ಗ್ಲೌಸ್ ಹಾಕಿಕೊಂಡು ಹಳೆಯ ಟವೆಲ್ಲುಗಳಿಂದ ಹೀರಿಸಿದೆವು, ಉಳಿದದ್ದಕ್ಕೆ ಅಡಿಗೆ ಸೋಡಾ ಉದುರಿಸಿ ನೀರಿನಲ್ಲಿ ಒರೆಸಿದೆವು. ಪಾದ ನಾಲ್ಕು ದಿನ ಕೆಂಪಗಿದ್ದು ವಾಸಿಯಾಯಿತು. ಅಮೃತಶಿಲೆ ಸುಣ್ಣದ ಕಲ್ಲಲ್ಲವೇ, ಅದರ ಹೊಳಪು ತಿಂದುಹೋಗಿ ಮಂಕು ಮಚ್ಚೆ ಹಾಗೆಯೇ ಉಳಿದಿದೆ.

‘ನನ್ನದೇ ತಪ್ಪು, ಕೈ ಜಾರಿತು’ ಎಂದರು ಗೆಳೆಯರು. ಮೈಸೂರಿನಿಂದ ಬಂದಿದ್ದ ಅವರ ತಾಯಿ ಸುಮ್ಮನಿರಲಿಲ್ಲ. ‘ಅಲ್ಲಪ್ಪಾ, ನಾನು ಬೀಳಿಸಿದ್ರೆ ವಯಸ್ಸಾಯ್ತು ಅಂತಿದ್ರಿ. ನೀನು ಬೀಳಿಸಿದ್ರೆ ಏನನ್ನಬೇಕು?’ ಎಂದರು. ತಮಾಷೆಯಾಗಿ ಕೇಳಿದ ಪ್ರಶ್ನೆ, ಆದರೆ ಸರಿಯಾದ ಪ್ರಶ್ನೆ. ನಮ್ಮ ಭಾಷೆಯಲ್ಲಿ ಕೈ ಜಾರುತ್ತದೆ, ಕೈ ತಪ್ಪುತ್ತದೆ. ಬಾಟಲಿಗೆ ತಪ್ಪುವ ಕ್ರಿಯಾಪದವೇ ಇಲ್ಲ. ಅಮೆರಿಕದ ಡೊನಾಲ್ಡ್ ನಾರ್ಮನ್ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ 1988ರಲ್ಲಿ ಒಂದು ಪುಸ್ತಕ ಬರೆದರು. ಎಳೆಯಬೇಕಾದ ಬಾಗಿಲನ್ನು ಜನ ತಳ್ಳಿದರೆ ತಪ್ಪು ಬಾಗಿಲಿನದು ಎಂಬುದು ಅವರ ವಾದದ ತಿರುಳು. ಬಾಗಿಲಿಗೆ ಒಪ್ಪುವ ಮಾತು ಆಮ್ಲದ ಬಾಟಲಿಗೆ ಇನ್ನೂ ಹೆಚ್ಚು ಒಪ್ಪುತ್ತದೆ.

ನ್ಯಾಯವಾಗಿ ಹೇಳಬೇಕಾದರೆ ಒತ್ತಿ ತಿರುಗಿಸುವ ಮುಚ್ಚಳ ಹುಟ್ಟಿದ್ದು ಕರುಣೆಯಿಂದ. ಕೆನಡಾದ ವಿಂಡ್ಸರ್ ಎಂಬ ಊರಿನ ಮಕ್ಕಳ ವೈದ್ಯ ಆನ್ರಿ ಬ್ರೋ, ಮಾತ್ರೆ ನುಂಗಿದ ಮಕ್ಕಳನ್ನು ನೋಡಿ ನೋಡಿ ಬೇಸತ್ತು, 1967ರಲ್ಲಿ ಇಂಥ ಮುಚ್ಚಳ ಬಳಕೆಗೆ ಬರಲು ಕಾರಣರಾದರು. ಆ ಊರಿನಲ್ಲಿ ಅಂಥ ಪ್ರಕರಣಗಳು ತೀವ್ರವಾಗಿ ಇಳಿದವು. ಇಂದು ಬ್ರಿಟನ್ನಿನಲ್ಲಿ ಚರ್ಮ ಸುಡುವ ವಸ್ತುವನ್ನು ಸಾರ್ವಜನಿಕರಿಗೆ ಮಾರುವಾಗ ಮಕ್ಕಳು ತೆರೆಯಲಾಗದ ಮುಚ್ಚಳವೂ, ಕಣ್ಣು ಕಾಣದವರು ಮುಟ್ಟಿ ತಿಳಿಯುವಂತೆ ಉಬ್ಬು ತ್ರಿಕೋನವೂ ಇರಬೇಕು. ಮುಚ್ಚಳಕ್ಕೊಂದು ಅಂತರರಾಷ್ಟ್ರೀಯ ಪರೀಕ್ಷೆಯಿದೆ, ಐಎಸ್‌ಒ 8317. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಕೊಡುತ್ತಾರೆ. ಮೊದಲ ಐದು ನಿಮಿಷದಲ್ಲಿ ನೂರಕ್ಕೆ 85 ಮಕ್ಕಳಾದರೂ ತೆರೆಯಲಾರದೆ ಹೋಗಬೇಕು. ಐವತ್ತರಿಂದ ಎಪ್ಪತ್ತು ವರ್ಷದ ದೊಡ್ಡವರಲ್ಲಿ ನೂರಕ್ಕೆ 90 ಮಂದಿಯಾದರೂ ತೆರೆದು ಮತ್ತೆ ಮುಚ್ಚಬೇಕು.

ಪರೀಕ್ಷೆ ಒಳ್ಳೆಯದೇ. ಆದರೆ ಅದು ಕೇಳುವುದು ಎರಡೇ ಪ್ರಶ್ನೆ: ತೆರೆಯುತ್ತದೆಯೇ, ಮುಚ್ಚುತ್ತದೆಯೇ? ಬಾಟಲಿಯನ್ನು ಕೊಳ್ಳುವುದು ಇವೆರಡರ ನಡುವಿನ ಕೆಲಸಕ್ಕಾಗಿ. ಆರು ಮಿಲಿ ಸುರಿದು, ಅಂಚು ಒದ್ದೆಯಾಗದಂತೆ ನಿಲ್ಲಿಸಲು ಬರುತ್ತದೆಯೇ ಎಂದು ಅದು ಕೇಳುವುದಿಲ್ಲ. ಮಗುವಿನ ಕೈಯಿಂದ ಕಾಪಾಡಿದ್ದಕ್ಕೆ ಪಾಸಾದ ಮುಚ್ಚಳ, ದೊಡ್ಡವರ ಕೈ ಸುಟ್ಟರೂ ಪಾಸೇ. ನನ್ನ ಮುಖ್ಯ ತಕರಾರು ಇದು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಎಳೆ ಇದೆ. ಆರು ತಿಂಗಳು ಇದ್ದು ಹೋಗಲು ಅಪ್ಪ ಅಮ್ಮಂದಿರು ಬರುತ್ತಾರೆ. ಕೀಲುನೋವಿನ ಕೈಗೆ ಒತ್ತಿ ತಿರುಗಿಸುವುದು ಕಷ್ಟ. ಹಾಗಾಗಿ ಮುಚ್ಚಳವನ್ನು ಅರ್ಧ ಮಾತ್ರ ಹಾಕಿಡುತ್ತೇವೆ, ಇಲ್ಲವೇ ಸುಲಭವಾಗಿ ಸುರಿಯಲು ಬರುವ ಇನ್ನೊಂದು ಬಾಟಲಿಗೆ ವರ್ಗಾಯಿಸುತ್ತೇವೆ. ಹಾರ್ಲಿಕ್ಸ್ ಸೀಸೆಯಲ್ಲಿ ಹುಣಿಸೆಹಣ್ಣು ತುಂಬಿಟ್ಟು ಬೆಳೆದವರು ನಾವು; ಪಾತ್ರ ಬದಲಾಯಿಸುವುದು ನಮಗೆ ಸಹಜ. ಆದರೆ ನೀರಿನ ಬಾಟಲಿಗೆ ಹೋದ ಆಮ್ಲಕ್ಕೆ ಲೇಬಲ್ಲಿಲ್ಲ, ಉಬ್ಬು ತ್ರಿಕೋನವಿಲ್ಲ, ಕೈ ಮತ್ತು ಲೋಹ ಕರಗುವ ಚಿತ್ರದ ಕೆಂಪು ಚೌಕವಿಲ್ಲ. ಇಂಗ್ಲಿಷ್ ಓದದ ಅಜ್ಜಿಗೂ ಅರ್ಥವಾಗುತ್ತಿದ್ದ ಎಚ್ಚರಿಕೆಗಳು ಹಳೆಯ ಬಾಟಲಿಯ ಜೊತೆ ಕಸಕ್ಕೆ ಹೋದವು. ಬಳಸಲು ಕಷ್ಟವಾದ ಸುರಕ್ಷತೆಯನ್ನು ಜನ ಕಳಚಿಡುತ್ತಾರೆ.

ಚೆನ್ನಾಗಿ ಸುರಿಯುವ ಪಾತ್ರೆ ಅಸಾಧ್ಯವೇನಲ್ಲ. ನಮ್ಮ ಗಿಂಡಿಯನ್ನು ನೋಡಿ: ತುಂಬಲು ಮೇಲೊಂದು ಬಾಯಿ, ಸುರಿಯಲು ಪಕ್ಕದಲ್ಲೊಂದು ಕೊಳವೆ. ನೀರು ಕೊಳವೆಯಲ್ಲಿ ಬರುವಾಗ ಗಾಳಿ ಬಾಯಲ್ಲಿ ಹೋಗುತ್ತದೆ, ಧಾರೆ ಕಡಿಯುವುದಿಲ್ಲ. ಕೂಸಿಗೆ ಹಾಲು, ಹರಳೆಣ್ಣೆ ಕುಡಿಸುವ ಒಳಲೆಯ ಮೂತಿ ಗುಟುಕು ಗುಟುಕಾಗಿ ಕೊಡಲೆಂದೇ ಚೂಪಾಗಿದೆ. ಗೋಲಿ ಸೋಡಾ ಬಾಟಲಿಯಂತೂ ಲಂಡನ್ನಿನದೇ ಮಗು. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದದ್ದು. ಅದರ ಕತ್ತಿನ ಒಂದು ಬದಿಯಲ್ಲಿ ಗುಳಿಗಳಿವೆ. ಆ ಬದಿ ಕೆಳಗಾಗುವಂತೆ ಬಾಗಿಸಿದರೆ ಗೋಲಿ ಅಲ್ಲೇ ಸಿಕ್ಕಿ ದಾರಿ ಬಿಡುತ್ತದೆ. ಯಾರೂ ಓದಿ ಹೇಳಬೇಕಿಲ್ಲ, ಬಾಟಲಿಯ ಆಕಾರವೇ ಕೈಗೆ ಪಾಠ ಹೇಳುತ್ತದೆ.

ರಾಸಾಯನಿಕಗಳೂ ಹೀಗೆ ಮಾತಾಡಬಲ್ಲವು. ಹ್ಯಾರೋದಲ್ಲಿ 1891ರಿಂದ 2016ರವರೆಗೆ ಕೊಡಾಕ್ ಕಾರ್ಖಾನೆಯಿತ್ತು. ಫೋಟೋ ತೊಳೆಯುವ ಹವ್ಯಾಸಿಗಳೂ ಬಚ್ಚಲಲ್ಲಿ ಆಮ್ಲ ಬೆರೆಸುತ್ತಿದ್ದರು. ಕೊಡಾಕ್ ಮಾರುತ್ತಿದ್ದ ಅಂಥ ಒಂದು ದ್ರಾವಣ ಹಳದಿಯಾಗಿರುತ್ತಿತ್ತು. ಸತ್ವ ಮುಗಿದಾಗ ನೇರಳೆಗೆ ತಿರುಗುತ್ತಿತ್ತು. ಕತ್ತಲೆಕೋಣೆಯ ಮಂದ ಬೆಳಕಿನಲ್ಲೂ ಅದು ಕಪ್ಪಾಗಿ ಕಂಡು ಎಚ್ಚರಿಸುತ್ತಿತ್ತು. ಬಳಸುವವನು ಎಲ್ಲಿ ನಿಂತಿರುತ್ತಾನೆ ಎಂದು ಯಾರೋ ಯೋಚಿಸಿದ್ದರು.

ನಮ್ಮ ಸ್ಯಾನಿಟೈಸರಿಗೂ ಪರಿಹಾರ ಗೊತ್ತಿರುವುದೇ. ಎರಡು ಕತ್ತಿನ ಬಾಟಲಿಗಳಿವೆ: ಮೈ ಹಿಂಡಿದರೆ ಪಕ್ಕದ ಪುಟ್ಟ ಕೋಣೆಗೆ ಅಳತೆಯಷ್ಟೇ ಏರುತ್ತದೆ. ತುಂಬುವ ಬಾಯನ್ನು ತಪ್ಪಿ ತೆರೆಯುವ ಅಪಾಯ ಉಳಿದರೂ ಧಾರೆಗಿಂತ ಮೇಲು. ಅದಕ್ಕೆ ಖರ್ಚು ಹೆಚ್ಚು, ಸಿದ್ಧ ಮುಚ್ಚಳ ಅಗ್ಗ ಎಂಬ ವಾದ ಬರುತ್ತದೆ. ಅದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಜುಲೈ 2024ರಿಂದ ಯೂರೋಪಿಯನ್ ಒಕ್ಕೂಟದಲ್ಲಿ ಪಾನೀಯದ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕೆಂಬ ಕಾನೂನು ಬಂತು, ಮುಚ್ಚಳಗಳು ಕಡಲತೀರದ ಕಸವಾಗಬಾರದೆಂದು. ಒಕ್ಕೂಟದ ಹೊರಗಿರುವ ನಮ್ಮ ಹ್ಯಾರೋ ಅಂಗಡಿಗಳಲ್ಲೂ ಅವೇ ಬಾಟಲಿಗಳು ಬಂದಿವೆ. ಸಮುದ್ರಕ್ಕಾಗಿ ಒಂದು ಖಂಡದ ಮುಚ್ಚಳಗಳೆಲ್ಲ ಬದಲಾಗಬಹುದಾದರೆ ಬೆರಳುಗಳಿಗಾಗಿಯೂ ಆಗಬಹುದು.

ಊರಿನ ಓದುಗರು ಇದು ಬಿಯರಿನವರ ಗೋಳು ಎಂದು ಪಕ್ಕಕ್ಕಿಡಬೇಡಿ. ಬಚ್ಚಲು ತೊಳೆಯುವ ಆ್ಯಸಿಡ್ಡಿನ ಬಾಟಲಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ತೆಳು ಪ್ಲಾಸ್ಟಿಕ್, ಒಂದೇ ಬಾಯಿ, ಸಡಿಲ ಮುಚ್ಚಳ, ಅಳತೆಯ ಗೆರೆಯಿಲ್ಲ. ಇಲ್ಲಿ ಅದನ್ನು ಹವ್ಯಾಸಿಯೊಬ್ಬ ತಿಂಗಳಿಗೊಮ್ಮೆ ತೆರೆದರೆ, ಅಲ್ಲಿ ಮನೆಗೆಲಸದಾಕೆ ಬರಿಗೈಯಲ್ಲಿ ವಾರವಾರ ತೆರೆಯುತ್ತಾಳೆ. ಚೆಲ್ಲಿದರೆ ಆಕೆಯ ಕೈಯನ್ನೇ ಬೈಯುತ್ತೇವೆ.

ಆದ್ದರಿಂದ ನನ್ನ ಅಳತೆಗೋಲು ಸರಳ. ಒತ್ತಿದಾಗ ಚಿಮ್ಮಬಾರದು. ಬೇಕಾದಷ್ಟೇ ಬರಬೇಕು. ಕೊನೆಯ ಹನಿ ಒಳಗೇ ಹಿಂದಿರುಗಬೇಕು. ಮುಚ್ಚಿದ್ದು ಕಣ್ಣಿಗೂ ಕೈಗೂ ತಿಳಿಯಬೇಕು. ನನ್ನ ಶೆಲ್ಫಿನಲ್ಲಿರುವ ಬಾಟಲಿ ಈ ನಾಲ್ಕರಲ್ಲಿ ಒಂದನ್ನೂ ಪಾಸು ಮಾಡುವುದಿಲ್ಲ. ಅದನ್ನೀಗ ಒಂದು ಟ್ರೇಯೊಳಗೆ ನಿಲ್ಲಿಸಿ, ಪಕ್ಕದಲ್ಲಿ ಗುರುತು ಹಾಕಿದ ಸಿರಿಂಜ್ ಇಟ್ಟಿದ್ದೇನೆ. ಬಾಗಿಸದೆ ಹೀರಿ ತೆಗೆಯುತ್ತೇನೆ. ತಯಾರಕರು ಮಾಡಬೇಕಿದ್ದ ಕೆಲಸವನ್ನು ಕೊಂಡವನು ಮಾಡುತ್ತಿದ್ದಾನೆ. ಅವರಿಗೆ ಪತ್ರ ಬರೆದು ಈ ನಾಲ್ಕು ಸಾಲನ್ನೇ ಇಂಗ್ಲಿಷಿನಲ್ಲಿ ಕಳಿಸಿದ್ದೇನೆ.