ಹರ್ಮನ್ ಸಂಗೀತ, ಬೇರೆಯವರ ಚಿತ್ರಗಳಲ್ಲಿ

ಮಿಶೆಲ್ ಹಜಾನವಿಸಿಯಸ್ ನಿರ್ದೇಶನದ ‘ದಿ ಆರ್ಟಿಸ್ಟ್’ (2011) ಮೂಕಿ ಚಿತ್ರಗಳ ಕಾಲವನ್ನು ಪ್ರೀತಿಯಿಂದ ಕಟ್ಟಿಕೊಟ್ಟ ಚಿತ್ರ. ಮಾತೇ ಇಲ್ಲದ ಕಡೆ ಹೆಚ್ಚಿನ ಭಾರ ಬೀಳುವುದು ಸಂಗೀತದ ಮೇಲೆ. ಲುಡೋವಿಕ್ ಬೂರ್ಸ್ ಆ ಭಾರವನ್ನು ಚೆನ್ನಾಗಿಯೇ ಹೊತ್ತಿದ್ದಾರೆ, ಆಸ್ಕರ್ ಕೂಡ ಪಡೆದರು. ಆದರೆ ಕಥೆಯ ತುತ್ತತುದಿಯಲ್ಲಿ, ನಾಯಕ ಸಾಯಲು ಸಿದ್ಧನಾಗಿ ನಾಯಕಿ ಕಾರಿನಲ್ಲಿ ಧಾವಿಸುತ್ತಿರುವಾಗ, ಕೇಳುವುದು ಅವರ ಸಂಗೀತವಲ್ಲ. ಹಿಚ್‌ಕಾಕ್ ನಿರ್ದೇಶನದ 1958ರ ‘ವರ್ಟಿಗೋ’ದ ಪ್ರೇಮದೃಶ್ಯಕ್ಕೆ ಬರ್ನಾರ್ಡ್ ಹರ್ಮನ್ ಬರೆದ ಸಂಗೀತ.

‘ವರ್ಟಿಗೋ’ದ ನಾಯಕಿ ಕಿಮ್ ನೊವಾಕ್ 2012ರ ಜನವರಿಯಲ್ಲಿ ‘ವೆರೈಟಿ’ ಪತ್ರಿಕೆಗೆ ಜಾಹೀರಾತು ಕೊಟ್ಟು ಇದನ್ನು ಖಂಡಿಸಿದರು. ಅವರ ಮಾತು ತೀರ ಕಟುವಾಗಿತ್ತು. ಅನುಮತಿ ಪಡೆದು, ಹರ್ಮನ್ ಹೆಸರು ಹಾಕಿ ಬಳಸಿದ್ದನ್ನು ಕಳವು ಎನ್ನಲು ಬರುವುದಿಲ್ಲ. ಆದರೂ ಅವರ ಸಿಟ್ಟಿಗೆ ಕಾರಣವಿತ್ತು ಎಂದೇ ನನ್ನ ಎಣಿಕೆ.

ಮೂಲ ದೃಶ್ಯದಲ್ಲಿ ಆಗುವುದನ್ನು ನೋಡಿ. ಸತ್ತಳೆಂದು ನಂಬಿದ ಮ್ಯಾಡೆಲೀನ್‌ಳ ರೂಪವನ್ನು ನಾಯಕ ಸ್ಕಾಟಿ ಇನ್ನೊಬ್ಬ ಹೆಣ್ಣಿನ ಮೇಲೆ ಹೇರಿದ್ದಾನೆ: ಅದೇ ಬೂದು ಉಡುಪು, ಅದೇ ಕೂದಲ ಬಣ್ಣ, ಅದೇ ತುರುಬು. ಹೋಟೆಲಿನ ನಿಯಾನ್ ದೀಪದ ಹಸಿರು ಬೆಳಕಿನಲ್ಲಿ ಅವಳು ಹೊರಬರುತ್ತಾಳೆ. ಹಿಚ್‌ಕಾಕ್ ಇಲ್ಲಿ ಮಾತನ್ನು ಬದಿಗಿಟ್ಟು ಎಲ್ಲವನ್ನೂ ಹರ್ಮನ್‌ಗೆ ಬಿಟ್ಟುಕೊಟ್ಟರು. ತಂತಿವಾದ್ಯಗಳು ನಡುಗುತ್ತ, ಮೆಲ್ಲನೆ ಮೇಲೇರುತ್ತವೆ. ಪ್ರತಿ ಸಲವೂ ಇನ್ನೇನು ನೆಲೆ ಸಿಕ್ಕಿತು ಎನ್ನುವಾಗ ಸ್ವರ ಜಾರಿಬಿಡುತ್ತದೆ. ವಾಗ್ನರನ ‘ಟ್ರಿಸ್ಟನ್’ನಿಂದ ಬಂದ ತಹತಹ ಅದು. ಚಿತ್ರದುದ್ದಕ್ಕೂ ತಡೆದಿಟ್ಟ ಆಸೆ ಕೊನೆಗೆ ಅಪ್ಪುಗೆಯಲ್ಲಿ ಒಡೆದು ಉಕ್ಕುತ್ತದೆ. ಕೇಳುಗನಿಗೆ ಸುಖದ ಜೊತೆಗೆ ಹೇಸಿಗೆಯೂ ಆಗುತ್ತದೆ, ಏಕೆಂದರೆ ಈ ಪ್ರೇಮ ಒಂದು ಹೆಣದ ಮೇಲಿನದು.

‘ದಿ ಆರ್ಟಿಸ್ಟ್’ಗೆ ಬೇಕಾದದ್ದು ಆ ಏರುವಿಕೆ ಮಾತ್ರ. ಒಬ್ಬ ಒಳ್ಳೆಯ ಹುಡುಗಿ ಒಬ್ಬ ಸೋತ ನಟನನ್ನು ಉಳಿಸಲು ಓಡುತ್ತಿದ್ದಾಳೆ. ಅದರಲ್ಲಿ ರೋಗವಿಲ್ಲ, ಭೂತವಿಲ್ಲ. ಹರ್ಮನ್ ಎರಡು ಗಂಟೆ ದುಡಿದು ಕೂಡಿಟ್ಟ ಸಂಕಟವನ್ನು ಈ ಚಿತ್ರ ಒಂದೇ ದೃಶ್ಯಕ್ಕೆ ಸಾಲ ತಂದು ಖರ್ಚು ಮಾಡುತ್ತದೆ. ‘ವರ್ಟಿಗೋ’ ನೋಡಿದವರ ಮನಸ್ಸು ಥಟ್ಟನೆ ಆ ಹಸಿರು ಕೋಣೆಗೆ ಓಡಿಹೋಗುತ್ತದೆ, ಎದುರಿಗಿರುವ ಚಿತ್ರ ಬಡವಾಗುತ್ತದೆ. ಹಿಚ್‌ಕಾಕ್ ಚಿತ್ರಗಳಲ್ಲಿ ಒಂದಕ್ಕೂ ಹರ್ಮನ್‌ಗೆ ಆಸ್ಕರ್ ನಾಮನಿರ್ದೇಶನ ದಕ್ಕಿರಲಿಲ್ಲ ಎಂಬುದನ್ನು ಇಲ್ಲಿ ನೆನೆದರೆ ಬೇಸರವಾಗುತ್ತದೆ.

ಹಾಗೆಂದು ಹಳೆಯ ಸಂಗೀತವನ್ನು ಮುಟ್ಟಲೇಬಾರದೆಂದಲ್ಲ. ‘ಕಿಲ್ ಬಿಲ್’ನ ಮೊದಲ ಭಾಗದಲ್ಲಿ (2003) ಟರಂಟಿನೋ ಹರ್ಮನ್‌ನ ‘ಟ್ವಿಸ್ಟೆಡ್ ನರ್ವ್’ (1968) ಶಿಳ್ಳೆಯನ್ನು ದಾದಿಯ ವೇಷದ ಕೊಲೆಗಾತಿಯ ತುಟಿಗೆ ಕೊಟ್ಟರು. ಮರೆತುಹೋಗುತ್ತಿದ್ದ ಚಿತ್ರವೊಂದರ ರಾಗ ಹೊಸ ಕೊರಳು ಪಡೆಯಿತು. ಸ್ವತಃ ಹರ್ಮನ್ ಕೂಡ ತನ್ನದನ್ನೇ ಮತ್ತೆ ಬಳಸಿದವರು. ‘ಸೈಕೋ’ದ (1960) ಮೂರು ಸ್ವರಗಳ ಹುಚ್ಚಿನ ತುಣುಕನ್ನು ಸ್ಕೋರ್ಸೆಸಿ ನಿರ್ದೇಶನದ ‘ಟ್ಯಾಕ್ಸಿ ಡ್ರೈವರ್’ ಕೊನೆಯಲ್ಲಿ ಇಟ್ಟರು. ನಾಯಕ ಟ್ರಾವಿಸ್ ವಾಸಿಯಾಗಿಲ್ಲ ಎಂದು ಹೇಳಲು ಅಷ್ಟೇ ಸಾಕಾಯಿತು. ಆ ಸಂಗೀತದ ಧ್ವನಿಮುದ್ರಣ ಮುಗಿಸಿದ ಬೆನ್ನಿಗೇ, 1975ರ ಡಿಸೆಂಬರ್ 24ರಂದು, ಅವರು ತೀರಿಕೊಂಡರು.

ಅದೇ ಸ್ಕೋರ್ಸೆಸಿ 1991ರಲ್ಲಿ ‘ಕೇಪ್ ಫಿಯರ್’ ಅನ್ನು ಮತ್ತೆ ತೆಗೆದಾಗ, 1962ರ ಮೂಲ ಚಿತ್ರಕ್ಕೆ ಹರ್ಮನ್ ಬರೆದಿದ್ದ ಸಂಗೀತವನ್ನು ಎಲ್ಮರ್ ಬರ್ನ್‌ಸ್ಟೈನ್ ಕೈಗಿತ್ತರು. ಬರ್ನ್‌ಸ್ಟೈನ್ ತಾವೇ ದೊಡ್ಡ ಸಂಗೀತಗಾರ, ಆದರೂ ತಮ್ಮ ಗುರುತು ಒತ್ತಲು ಹೋಗಲಿಲ್ಲ. ಕೆಳಕ್ಕಿಳಿಯುವ ಆ ನಾಲ್ಕು ಸ್ವರಗಳನ್ನು ಹೊಸ ಚಿತ್ರದ ಅಳತೆಗೆ ಕತ್ತರಿಸಿ, ಹೊಲಿದು, ಹಿತ್ತಾಳೆ ವಾದ್ಯಗಳ ಗರ್ಜನೆಯನ್ನು ಉಳಿಸಿಕೊಂಡರು. ಜೊತೆಗೆ ‘ಟಾರ್ನ್ ಕರ್ಟನ್’ಗೆ (1966) ಹರ್ಮನ್ ಬರೆದು ಹಿಚ್‌ಕಾಕ್ ತಿರಸ್ಕರಿಸಿದ್ದ ಸಂಗೀತದ ಭಾಗಗಳನ್ನೂ ಸೇರಿಸಿದರು. ಇಬ್ಬರ ಸ್ನೇಹವನ್ನೇ ಮುರಿದ ಸಂಗೀತ ಅದು, ಇಪ್ಪತ್ತೈದು ವರ್ಷಗಳ ಮೇಲೆ ಚಿತ್ರಮಂದಿರ ಸೇರಿತು. ಇಲ್ಲಿ ಕಥೆ ಅದೇ, ಭಯವೂ ಅದೇ, ಹೀಗಾಗಿ ಸಂಗೀತಕ್ಕೆ ತನ್ನ ನೆನಪುಗಳನ್ನು ಬಿಟ್ಟುಬರುವ ಪ್ರಸಂಗವೇ ಬರಲಿಲ್ಲ. ಹಳೆಯ ಚಿತ್ರಸಂಗೀತದ ಮರುಬಳಕೆಯಲ್ಲಿ ನಾನು ಕೇಳಿದ್ದರಲ್ಲೆಲ್ಲ ಅತ್ಯುತ್ತಮವಾದದ್ದು ಬರ್ನ್‌ಸ್ಟೈನ್‌ರ ಈ ಕೆಲಸವೇ.