ಸರ್ವರಾಗಮೇಳದ ಮೆಟ್ಟುಗಳು

ಪ್ರತಿಯೊಂದು ಹಾಡನ್ನೂ ಬರಿದಾದ ಪರದೆಯಿಂದಲೇ ಆರಂಭಿಸತಕ್ಕದ್ದು, ಸಿದ್ಧವಾಗಿಟ್ಟ ಟೆಂಪ್ಲೇಟು ಪ್ರತಿಭೆಗೆ ತೊಡಿಸಿದ ಸಂಕೋಲೆ ಎಂದು ವಾದಿಸುವ ಪಂಥವೊಂದು ಹೊಸಪೇಟೆಯಲ್ಲಿ ಹೌಸ್ ಸಂಗೀತ ಕಟ್ಟುವ ತರುಣರ ನಡುವೆಯೂ ಬೇರೂರಿದೆ. ಈ ಪಂಥಕ್ಕೂ ಈ ಅಂಕಣಕ್ಕೂ ಹಳೆಯ ವ್ಯಾಜ್ಯವಿರುವುದನ್ನು ನಿತ್ಯದ ಓದುಗರು ಬಲ್ಲರು. ಕಂಪ್ಲಿಯ ಓದುಗರೊಬ್ಬರು ಟೆಂಪ್ಲೇಟಿನಲ್ಲಿ ಏನಿರಬೇಕು, ಏನಿರಕೂಡದು ಎಂದು ಕೇಳಿರುವುದರಿಂದ, ಉತ್ತರವನ್ನೂ ವ್ಯಾಜ್ಯವನ್ನೂ ಒಟ್ಟಿಗೆ ತೀರಿಸಬಹುದು.

ನನ್ನ ಟೆಂಪ್ಲೇಟು ಹೀಗಿದೆ. ಲಯವು ನಿಮಿಷಕ್ಕೆ 124 ಬಡಿತ. ಡ್ರಮ್ಮು, ಬೇಸು, ಸ್ವರವಾದ್ಯ, ಕಂಠ ಎಂಬ ನಾಲ್ಕು ಗುಂಪುಗಳು, ಗುಂಪಿಗೊಂದು ಬಸ್ಸು. ಎಲ್ಲಕ್ಕೂ ಸಮಾನವಾಗಿ ಒದಗುವಂತೆ ಹ್ರಸ್ವ ರಿವರ್ಬೊಂದು, ದೀರ್ಘ ರಿವರ್ಬೊಂದು, ಡಿಲೇ ಒಂದು. ಕಿಕ್ಕಿನ ಶಿಖರವು ಮೈನಸ್ 10 ಡೆಸಿಬೆಲ್‌ಗೆ ನಿಂತಿರುತ್ತದೆ. ಮುಂದೆ ಬರುವ ವಾದ್ಯಗಳೆಲ್ಲ ಆ ಒಂದು ಅಳತೆಗೆ ತಮ್ಮನ್ನು ಹೊಂದಿಸಿಕೊಳ್ಳುವುದರಿಂದ ಕೊನೆಯಲ್ಲಿ ಮಾಸ್ಟರಿನಲ್ಲಿ ಉಸಿರುಗಟ್ಟುವುದಿಲ್ಲ. ಕೇಳಿಸದ ಗೋಸ್ಟ್ ಕಿಕ್ಕೊಂದು ಪ್ರತಿ ಬಡಿತಕ್ಕೂ ಬೇಸನ್ನು ತಗ್ಗಿಸುತ್ತಿರುತ್ತದೆ. ಬ್ರೇಕಿನಲ್ಲಿ ನಿಜವಾದ ಕಿಕ್ಕು ನಿಂತುಹೋದಾಗಲೂ ಸೈಡ್‌ಚೈನಿನ ಆ ಏರಿಳಿತವು ನಿಲ್ಲದೆ ಕುಣಿತದ ನೆನಪನ್ನು ಹಿಡಿದಿಡುತ್ತದೆ. 32 ಬಾರುಗಳಿಗೊಂದು ಗುರುತು. ಈ ಲಯದಲ್ಲಿ ಅದು ಸುಮಾರು 62 ಸೆಕೆಂಡುಗಳ ಅವಧಿ. ಇಷ್ಟೇ. ಒಂದು ಸ್ವರವಾಗಲಿ, ಒಂದು ಲೂಪಾಗಲಿ ಅದರಲ್ಲಿಲ್ಲ.

ಮಾರುಕಟ್ಟೆಯಲ್ಲಿ ದೊರೆಯುವ ಟೆಂಪ್ಲೇಟುಗಳಾದರೋ ಕಾರ್ಡುಗಳನ್ನೂ ಬೇಸಿನ ನಡೆಯನ್ನೂ ಸಿದ್ಧಪಡಿಸಿಯೇ ಬರುತ್ತವೆ. ಅವನ್ನು ಕೊಂಡವನು ಪರರ ಹಾಡಿಗೆ ತನ್ನ ಹೆಸರಿಟ್ಟಂತಾಗುತ್ತದೆಯೇ ಹೊರತು ಹಾಡು ಕಟ್ಟಿದಂತಾಗುವುದಿಲ್ಲ.

ಸೈಡ್‌ಚೈನಿನ ವಿವರಗಳನ್ನೇ ಇಲ್ಲಿ ಮುಂದುವರಿಸಬೇಕಾಗಿತ್ತು. ಆದರೆ ಈ ಪ್ರಶ್ನೆಯ ಬೇರು ನಮ್ಮ ಊರಿನ ಮಣ್ಣಿನಲ್ಲಿಯೇ ಇರುವಾಗ ಅದನ್ನು ಬಿಟ್ಟು ಹೋಗಲು ಮನಸ್ಸೊಪ್ಪುವುದಿಲ್ಲ. ಹಂಪಿಗೆ ಬಂದವರೆಲ್ಲ ವಿಟ್ಠಲ ದೇವಾಲಯದ ನಾದಸ್ತಂಭಗಳನ್ನು ಕುರಿತು ವಿಸ್ಮಯಪಡುತ್ತಾರೆ. ಆದರೆ ವಿಜಯನಗರವು ಸಂಗೀತಕ್ಕಿತ್ತ ಮಹತ್ತರವಾದ ಕಾಣಿಕೆಯು ಶಿಲೆಯಲ್ಲಿಲ್ಲ, ಗ್ರಂಥದಲ್ಲಿದೆ. ಶಾಸ್ತ್ರಜ್ಞರ ಮತಗಳು ಪರಸ್ಪರ ವಿರುದ್ಧವಾಗಿದ್ದ ಕಾಲದಲ್ಲಿ, ರಾಮರಾಯನ ಪ್ರೇರಣೆಯಿಂದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯೇ ಆ ಗ್ರಂಥ. ಇದನ್ನು ಎಂ. ಎಸ್. ರಾಮಸ್ವಾಮಿ ಅಯ್ಯರ್ ಅವರು ಸಂಪಾದಿಸಿ 1932ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಹೊರತಂದರು. ಐದು ಪ್ರಕರಣಗಳಲ್ಲಿ ಮೂರನೆಯದಾದ ವೀಣಾಪ್ರಕರಣವನ್ನು ನಾನು ಎಷ್ಟು ಸಲ ಓದಿದರೂ ತಣಿಯೆನು.

ಶುದ್ಧಮೇಳ, ಮಧ್ಯಮೇಳ, ಅಚ್ಯುತರಾಜೇಂದ್ರಮೇಳ ಎಂದು ಮೂರು ವೀಣೆಗಳನ್ನು ಅವನು ಹೇಳುತ್ತಾನೆ. ಕಡೆಯದು ಮಾತಂಗ ಪರ್ವತದ ಬಳಿ ಇಂದಿಗೂ ಯಾರ ಹೆಸರಿನ ದೇವಾಲಯವಿದೆಯೋ ಆ ಅಚ್ಯುತರಾಯನ ಹೆಸರಿನದು. ಶುದ್ಧಮೇಳ ವೀಣೆಗೆ ಮುಖ್ಯ ತಂತಿಗಳು ನಾಲ್ಕು, ಅವು ಷಡ್ಜ, ಪಂಚಮ, ಷಡ್ಜ, ಮಧ್ಯಮಗಳಿಗೆ ಶ್ರುತಿಗೊಂಡಿರತಕ್ಕವು. ಪಕ್ಕದ ತಂತಿಗಳು ಮೂರು. ಮೊದಲ ತಂತಿಯಲ್ಲಿ ಶುದ್ಧ ಋಷಭದಿಂದ ಮೇಲಕ್ಕೆ ಆರು ಸ್ವರಗಳಿಗೆ ಆರು ಮೆಟ್ಟುಗಳನ್ನು ನಿಲ್ಲಿಸಿದೊಡನೆ, ಅವೇ ಮೆಟ್ಟುಗಳು ಉಳಿದ ತಂತಿಗಳಲ್ಲಿ ಬೇರೆ ಬೇರೆ ಸ್ವರಗಳನ್ನು ಕೊಡುವ ಕ್ರಮವನ್ನು ಅವನು ಒಂದೊಂದಾಗಿ ತೋರಿಸುತ್ತಾನೆ. ಅನಂತರ ಬರುವುದು ನಮಗೆ ಬೇಕಾದ ವಿಷಯ: ಒಂದು ರಾಗಕ್ಕೆ ತಕ್ಕಂತೆ ಮೆಟ್ಟುಗಳನ್ನು ಹೊಂದಿಸಿದ್ದು ಏಕರಾಗಮೇಳ ವೀಣೆ, ಸಮಸ್ತ ರಾಗಗಳಿಗೂ ಒದಗುವಂತೆ ಮೆಟ್ಟುಗಳನ್ನು ಸ್ಥಿರಪಡಿಸಿದ್ದು ಸರ್ವರಾಗಮೇಳ ವೀಣೆ. ಬರಿ ಪರದೆಯ ಪಂಥದವರು ಏಕರಾಗಮೇಳದವರು. ರಾಗ ಬದಲಾದೊಡನೆ ಮೆಟ್ಟುಗಳನ್ನೆಲ್ಲ ಕಿತ್ತು ಮತ್ತೆ ಕೂರಿಸುವ ಶ್ರಮವನ್ನೇ ಅವರು ಸೃಷ್ಟಿಯೆಂದು ಭ್ರಮಿಸಿದ್ದಾರೆ. ಸರ್ವರಾಗಮೇಳದಲ್ಲಿ ಸ್ಥಿರವಾಗಿರುವುದು ಮೆಟ್ಟು, ರಾಗವಲ್ಲ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ರಾಮಾಮಾತ್ಯನು ಮುಚ್ಚಿಡಲಿಲ್ಲ. ಅಂತರ ಗಾಂಧಾರಕ್ಕೂ ಕಾಕಲಿ ನಿಷಾದಕ್ಕೂ ಪ್ರತ್ಯೇಕ ಮೆಟ್ಟಿಡದೆ, ಸಮೀಪದ ಚ್ಯುತಮಧ್ಯಮ ಗಾಂಧಾರವೂ ಚ್ಯುತಷಡ್ಜ ನಿಷಾದವೂ ಅವಕ್ಕೆ ಪ್ರತಿನಿಧಿಗಳಾಗಬಹುದೆಂದು ಬಹಿರಂಗವಾಗಿಯೇ ಹೇಳಿದನು. ಹಾಗೆ ಒಪ್ಪಿದರೆ ಅವನ ಇಪ್ಪತ್ತು ಮೇಳಗಳು ಹದಿನೈದಾಗುತ್ತವೆ. ಕಳೆದುಕೊಂಡ ಸೂಕ್ಷ್ಮವು ಯಾವುದೆಂದು ತಿಳಿದು ಒಪ್ಪಂದ ಮಾಡಿಕೊಳ್ಳುವುದು ಪಂಡಿತನ ಲಕ್ಷಣ.

ನಮ್ಮ ಟೆಂಪ್ಲೇಟಿನಲ್ಲಿಯೂ ಹೀಗೆ ಕಳೆದುಹೋಗುವುದೊಂದಿದೆ. ಸಂಡೂರಿನ ಕಡೆಯ ಹಲಗೆಯವರನ್ನು ಲಕ್ಷ್ಯವಿಟ್ಟು ಕೇಳಿರಿ: ಬೆಂಕಿಗೆ ಕಾಯಿಸಿ ಬಿಗಿಗೊಳಿಸಿದ ಚರ್ಮದ ಮೇಲೆ ದಪ್ಪ ಕೋಲಿನ ಪೆಟ್ಟು ಬಡಿತಕ್ಕೆ ಸರಿಯಾಗಿ ಬೀಳುತ್ತದೆ, ತೆಳುಕೋಲಿನ ಮರುಪೆಟ್ಟು ಕೂದಲೆಳೆಯಷ್ಟು ತಡವಾಗಿ ಬರುತ್ತದೆ. 124ರ ಲಯದಲ್ಲಿ ಗ್ರಿಡ್ಡಿನ ಹದಿನಾರನೆಯ ಭಾಗವೊಂದು 121 ಮಿಲಿಸೆಕೆಂಡು. ಕ್ವಾಂಟೈಸ್ ಒತ್ತಿದರೆ ತಡವಾಗಿ ಬಂದ ಪೆಟ್ಟು ಗೆರೆಗೆ ಸರಿದು, ಹಲಗೆಯು ಡ್ರಮ್ ಮೆಷೀನಾಗುತ್ತದೆ. ಆದಕಾರಣ ತಾಳವಾದ್ಯದ ಟ್ರ್ಯಾಕಿನಲ್ಲಿ ಕ್ವಾಂಟೈಸನ್ನು ನಿಷ್ಕ್ರಿಯಗೊಳಿಸಿಯೇ ಟೆಂಪ್ಲೇಟನ್ನು ಉಳಿಸತಕ್ಕದ್ದು.

ಒಂದೇ ಅಣಿಯಲ್ಲಿ ಹಲವು ರಾಗಗಳನ್ನು ನುಡಿಸುವುದು ಸಾಧ್ಯವೇ ಎಂದು ಸಂಶಯಪಡುವವರು ಚರಣಜಿತ್ ಸಿಂಗರ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಕೇಳಬೇಕು. 1982ರಲ್ಲಿ, ಶಿಕಾಗೊದ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಹೊರಬರುವುದಕ್ಕೆ ಐದು ವರ್ಷ ಮುಂಚೆ, ಹಿಂದೀ ಚಿತ್ರಸಂಗೀತದ ಈ ವಾದ್ಯಗಾರರು ರೋಲ್ಯಾಂಡಿನ ಟಿಆರ್-808, ಟಿಬಿ-303, ಜುಪಿಟರ್-8 ಎಂಬ ಮೂರು ಯಂತ್ರಗಳನ್ನು ಒಮ್ಮೆ ಅಣಿಗೊಳಿಸಿ, ಅದೇ ಅಣಿಯಲ್ಲಿ ಲಲಿತ್, ತೋಡಿ, ಮಾಲ್ಕೌಂಸ್ ಮೊದಲಾದ ಹತ್ತು ರಾಗಗಳನ್ನು ನುಡಿಸಿದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಲೋಕ ಬೆರಗಾಯಿತು. ಮೆಟ್ಟುಗಳು ಒಂದೇ, ರಾಗಗಳು ಹತ್ತು: ಸರ್ವರಾಗಮೇಳಕ್ಕೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾನು ಕಾಣೆ.

ಕಂಪ್ಲಿಯ ಓದುಗರು ತಮಗೆ ಮೆಚ್ಚಿಕೆಯಾದ ಹಳೆಯ ಹಾಡೊಂದರ ಫೈಲನ್ನು ತೆರೆದು, ಅದರಲ್ಲಿರುವ ಸ್ವರಗಳನ್ನೂ ಲೂಪುಗಳನ್ನೂ ಅಳಿಸಿ, ಬಸ್ಸುಗಳನ್ನೂ ಅಳತೆಗಳನ್ನೂ ಗುರುತುಗಳನ್ನೂ ಮಾತ್ರ ಉಳಿಸಿ, ಬೇರೆ ಹೆಸರಿನಲ್ಲಿ ಟೆಂಪ್ಲೇಟಾಗಿ ಇಟ್ಟುಕೊಳ್ಳಲಿ. ಗೋಸ್ಟ್ ಕಿಕ್ಕನ್ನು ಸೈಡ್‌ಚೈನಿಗೆ ಜೋಡಿಸುವ ಕ್ರಮವನ್ನು ಮುಂದಿನ ವಾರ ಬರೆಯುತ್ತೇನೆ.