ಸವಣೂರಿನ ಸಂಧಿಪತ್ರಗಳು: ರಾಜ್ಯವ್ಯವಸ್ಥೆಯ ಪರಿವರ್ತನೆಯನ್ನು ಕುರಿತು ಒಂದು ವಿಮರ್ಶೆ

ರಾಜ್ಯರಾಜ್ಯಗಳ ನಡುವಣ ವ್ಯವಸ್ಥೆಯು ಕಾಲಕಾಲಕ್ಕೆ ಹೇಗೆ ಮಾರ್ಪಡುತ್ತದೆ ಎಂಬ ಪ್ರಶ್ನೆಗೆ ಯುರೋಪಿನ ಇತಿಹಾಸದಿಂದಲೇ ಉತ್ತರವನ್ನು ಆರಿಸಿಕೊಳ್ಳುವುದು ವಾಡಿಕೆಯಾಗಿದೆ. ೧೬೪೮ ರ ವೆಸ್ಟ್‌ಫೇಲಿಯಾ, ೧೮೧೫ ರ ವಿಯೆನ್ನಾ, ೧೯೧೯ ರ ವರ್ಸೇಲ್ಸ್, ೧೯೪೫ ರ ಸ್ಯಾನ್ ಫ್ರಾನ್ಸಿಸ್ಕೋ ಎಂದು ಪಠ್ಯಪುಸ್ತಕಗಳು ಎಣಿಸುತ್ತವೆ. ಮೊದಲು ಮಹಾಯುದ್ಧ, ಬಳಿಕ ಒಪ್ಪಂದ, ಅದರಿಂದ ಹೊಸ ವ್ಯವಸ್ಥೆ ಎಂಬುದು ಈ ಎಣಿಕೆಯ ಹಿಂದಿರುವ ಸೂತ್ರ. ಪ್ರಕೃತ ಲೇಖನದಲ್ಲಿ ಈ ಸೂತ್ರವನ್ನು ನಮ್ಮ ನಾಡಿನದೇ ಆದ ಒಂದು ಸಣ್ಣ ನಿದರ್ಶನದಿಂದ ಪರೀಕ್ಷಿಸಲು ಯತ್ನಿಸಿದ್ದೇವೆ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಹುಲಗೂರು ಖಾದರ ಷಾ ವಲಿಗಳ ದರ್ಗಾದಿಂದ ಹೆಸರಾದ ಊರು. ೧೮೧೯ ರಲ್ಲಿ ಹುಟ್ಟಿದ ಶಿಶುನಾಳ ಷರೀಫರ ತಂದೆ ಇಮಾಮ ಸಾಹೇಬರು ಈ ಸ್ಥಾನದ ಭಕ್ತರಾಗಿದ್ದರೆಂದು ಪ್ರತೀತಿ. ಭಕ್ತಿಯ ದೃಷ್ಟಿಯಿಂದ ಈ ಸೀಮೆಯೆಲ್ಲ ಒಂದೇ. ಆದರೆ ೧೯೪೮ ಕ್ಕೆ ಮೊದಲು ರಾಜಕೀಯ ದೃಷ್ಟಿಯಿಂದ ಅದು ಹಾಗಿರಲಿಲ್ಲ. ಒಂದೆರಡು ದಿನಗಳ ಗಾಡಿಯ ಪ್ರಯಾಣದೊಳಗೆ ಬ್ರಿಟಿಷರ ಧಾರವಾಡ ಜಿಲ್ಲೆ, ನವಾಬರ ಸವಣೂರು, ಮೀರಜ ಸಂಸ್ಥಾನಕ್ಕೆ ಸೇರಿದ ಲಕ್ಷ್ಮೇಶ್ವರ, ಸಾಂಗಲಿಯ ಶಿರಹಟ್ಟಿ, ಜಮಖಂಡಿಯ ಕುಂದಗೋಳ ಇವೆಲ್ಲವೂ ಎದುರಾಗುತ್ತಿದ್ದವು. ಈ ತೇಪೆಗಳ ನಕ್ಷೆ ಹೇಗೆ ಹುಟ್ಟಿತು, ಹೇಗೆ ಅಳಿಯಿತು ಎಂಬುದೇ ನಮ್ಮ ವಿಚಾರಕ್ಕೆ ಆಧಾರ.

ಈ ಸೀಮೆಯ ಇತಿಹಾಸಕ್ಕೆ ನಾವು ಇಂದಿಗೂ ಮೂರು ಗ್ರಂಥಗಳನ್ನು ಅವಲಂಬಿಸುತ್ತೇವೆ. ೧೮೧೦ ರಿಂದ ೧೮೧೭ ರವರೆಗೆ ಪ್ರಕಟವಾದ ವಿಲ್ಕ್ಸನ ದಕ್ಷಿಣ ಭಾರತದ ಇತಿಹಾಸ, ೧೮೨೬ ರ ಗ್ರಾಂಟ್ ಡಫ್‌ನ ಮರಾಠರ ಇತಿಹಾಸ, ಮತ್ತು ಕ್ಯಾಂಪ್‌ಬೆಲ್ ಸಂಪಾದಿಸಿದ ೧೮೮೪ ರ ಧಾರವಾಡ ಗ್ಯಾಸೆಟಿಯರ್. ಇವುಗಳ ಪರಿಶ್ರಮವನ್ನು ಅಲ್ಲಗಳೆಯುವವರಲ್ಲ ನಾವು. ಇವಿಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ. ಆದರೆ ವಿಲ್ಕ್ಸನು ಮೈಸೂರಿನಲ್ಲಿಯೂ ಡಫ್‌ನು ಸಾತಾರೆಯಲ್ಲಿಯೂ ಕಂಪನಿಯ ರೆಸಿಡೆಂಟರಾಗಿದ್ದವರು. ಒಬ್ಬನು ಸವಣೂರನ್ನು ಶ್ರೀರಂಗಪಟ್ಟಣದ ಕಡೆಯಿಂದ ನೋಡುತ್ತಾನೆ, ಇನ್ನೊಬ್ಬನು ಪುಣೆಯ ಕಡೆಯಿಂದ. ಗ್ಯಾಸೆಟಿಯರ್ ರಾಜವಂಶಗಳನ್ನು ಒಂದರ ಹಿಂದೊಂದಾಗಿ ಜೋಡಿಸಿ ಬ್ರಿಟಿಷರ ಆಳ್ವಿಕೆಯಲ್ಲಿ ಬಂದು ನಿಲ್ಲುತ್ತದೆ. ಮೂರರಲ್ಲಿಯೂ ಸವಣೂರು ಒಬ್ಬರು ಗೆದ್ದು ಇನ್ನೊಬ್ಬರು ಕಳೆದುಕೊಳ್ಳುವ ವಸ್ತುವಾಗಿಯೇ ಕಾಣುತ್ತದೆ. ಹೀಗೆ ಓದಿದಾಗ ಒಡೆಯನು ಬದಲಾದದ್ದೇ ವ್ಯವಸ್ಥೆ ಬದಲಾದದ್ದು ಎಂಬ ಭ್ರಮೆ ಹುಟ್ಟುತ್ತದೆ. ನಮ್ಮ ಆಕ್ಷೇಪವಿರುವುದು ಇಲ್ಲಿ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಊರಿಗೆ ಹಲವು ಒಡೆಯರಿರುವುದು ಈ ನಾಡಿನಲ್ಲಿ ಅರಾಜಕತೆಯ ಲಕ್ಷಣವಾಗಿರಲಿಲ್ಲ. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರಿಗೆ ಮಹಾಮಂಡಲೇಶ್ವರರಾಗಿದ್ದೂ ತಮ್ಮದೇ ಧ್ವಜ, ಲಾಂಛನ, ಬಿರುದುಗಳನ್ನು ಉಳಿಸಿಕೊಂಡಿದ್ದರು. ಶಾಸನಗಳಲ್ಲಿ ಬರುವ ‘ಪಾದಪದ್ಮೋಪಜೀವಿ’ ಎಂಬ ಶಬ್ದ ಅಧೀನತೆಯನ್ನು ಸೂಚಿಸುವುದು ನಿಜ. ಆದರೆ ಹಾಗೆ ಕರೆಯಿಸಿಕೊಂಡವನು ತಾನೂ ಆಳುವವನೇ. ಅಧಿಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿಕೊಳ್ಳುವ ಈ ಪದ್ಧತಿ ಮುಂದಿನ ಶತಮಾನಗಳಲ್ಲಿಯೂ ಬೇರೆ ಬೇರೆ ಹೆಸರುಗಳಿಂದ ನಡೆದುಬಂದಿತು.

ಸವಣೂರಿನ ಮನೆತನವು ಬಿಜಾಪುರದ ಸೇವೆಯಲ್ಲಿದ್ದ ಮಿಯಾಣಾ ಪಠಾಣರದು. ೧೬೮೬ ರಲ್ಲಿ ಬಿಜಾಪುರ ಬಿದ್ದ ಬಳಿಕ ಅಬ್ದುಲ್ ರೌಫ್ ಖಾನನು ಔರಂಗಜೇಬನಿಂದ ಬಂಕಾಪುರ ಮೊದಲಾದ ಸೀಮೆಗಳನ್ನು ಪಡೆದನು. ರಾಜಧಾನಿ ಬಂಕಾಪುರದಿಂದ ಸವಣೂರಿಗೆ ಬಂದಿತು. ಮೊಗಲರ ಹಿಡಿತ ಸಡಿಲವಾದ ಮೇಲೆ ನವಾಬರು ಪುಣೆ, ಹೈದರಾಬಾದು, ಮೈಸೂರುಗಳ ನಡುವೆ ಸಿಲುಕಿದರು. ಹಾಗೆಂದು ಅವರು ಸುಮ್ಮನೆ ಕುಳಿತವರಲ್ಲ. ೧೭೫೦ ರ ಡಿಸೆಂಬರಿನಲ್ಲಿ ನಾಸಿರ್ ಜಂಗನ ಕೊಲೆಗೆ ಕಾರಣವಾದ ಒಳಸಂಚಿನಲ್ಲಿ ಕಡಪ, ಕರ್ನೂಲುಗಳ ನವಾಬರೊಡನೆ ಸವಣೂರಿನ ನವಾಬನೂ ಸೇರಿದ್ದನು. ಆ ಸಂಚಿನ ಇನ್ನೊಂದು ತುದಿ ಪುದುಚೇರಿಯ ಫ್ರೆಂಚರಲ್ಲಿತ್ತು.

೧೭೫೬ ರ ಮುತ್ತಿಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಪೇಶ್ವೆಯ ತೋಪಖಾನೆಯ ಮುಜಫರ್ ಖಾನನು ಓಡಿಬಂದು ಸವಣೂರಿನ ಆಶ್ರಯ ಪಡೆದನು. ನವಾಬ ಅಬ್ದುಲ್ ಹಕೀಮ್ ಖಾನನು ಅವನನ್ನು ಒಪ್ಪಿಸಲಿಲ್ಲ; ಗುತ್ತಿಯ ಮುರಾರಿರಾವ್ ಘೋರ್ಪಡೆಯು ನವಾಬನ ಪಕ್ಷಕ್ಕೆ ಬಂದನು. ಎದುರಿಗೆ ಪೇಶ್ವೆ ಬಾಳಾಜಿ ಬಾಜೀರಾಯ, ನಿಜಾಮ ಸಲಾಬತ್ ಜಂಗ್, ಅವನೊಡನೆ ಬುಸ್ಸಿಯ ಫ್ರೆಂಚ್ ಫಿರಂಗಿಗಳು. ದಖ್ಖನದ ದೊಡ್ಡ ಶಕ್ತಿಗಳೆಲ್ಲ ಒಂದೇ ಊರಿನ ಗೋಡೆಯ ಮುಂದೆ ಕೂಡಿದ ಸಂದರ್ಭವಿದು. ನವಾಬನು ಸೋತನು, ನಾಡನ್ನೂ ಹಣವನ್ನೂ ತೆರಬೇಕಾಯಿತು. ಆದರೆ ವ್ಯವಸ್ಥೆ ಬದಲಾಯಿತೆ? ಇಲ್ಲ. ಸೋತವನೊಡನೆಯೂ ಸಂಧಿ ಮಾಡಿಕೊಳ್ಳಲಾಯಿತು. ಅವನು ನವಾಬನಾಗಿಯೇ ಉಳಿದನು. ನಾಳೆ ಯಾರೊಡನೆ ಸೇರಬೇಕೆಂಬ ನಿರ್ಧಾರವೂ ಅವನದಾಗಿಯೇ ಉಳಿಯಿತು.

ಅದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. ೧೭೬೪ ರಲ್ಲಿ ಹಿರೇಕೆರೂರು ಸೀಮೆಯ ರಟ್ಟೀಹಳ್ಳಿಯ ಬಳಿ ಮಾಧವರಾಯ ಪೇಶ್ವೆ ಹೈದರಾಲಿಯನ್ನು ಸೋಲಿಸಿದನು. ಹದಿನೈದು ವರ್ಷಗಳ ಮೇಲೆ, ೧೭೭೯ ರಲ್ಲಿ, ಅದೇ ಹೈದರನು ಸವಣೂರಿನೊಡನೆ ಕೊಟ್ಟು ತಂದು ಬೀಗತನ ಬೆಳೆಸಿದನು. ಹೈದರನ ಮಗಳು ನವಾಬನ ಸೊಸೆಯಾದಳು, ನವಾಬನ ಮಗಳು ಹೈದರನ ಸೊಸೆಯಾದಳು. ಆದರೂ ೧೭೮೬ ರಲ್ಲಿ ಟಿಪ್ಪುವು ಸವಣೂರನ್ನು ಹೊಕ್ಕಾಗ ನವಾಬನು ಮರಾಠರ ಪಾಳೆಯದಲ್ಲಿದ್ದನು. ಇದನ್ನು ಚಂಚಲತೆಯೆಂದು ಜರೆಯುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಇದು ಸಣ್ಣ ರಾಜ್ಯವೊಂದು ತನ್ನ ಕೈಯಲ್ಲಿದ್ದ ಒಂದೇ ಸ್ವಾತಂತ್ರ್ಯವನ್ನು, ಅಂದರೆ ಮಿತ್ರನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು, ಬಳಸಿದ ರೀತಿ.

ಈ ಸ್ವಾತಂತ್ರ್ಯ ಹೋದದ್ದು ಯಾವ ರಣರಂಗದಲ್ಲಿ? ೧೭೮೭ ರ ಗಜೇಂದ್ರಗಡದ ಒಪ್ಪಂದದ ತರುವಾಯ ನವಾಬನು ಪೇಶ್ವೆಯ ಆಶ್ರಿತನ ಸ್ಥಿತಿಗೆ ಇಳಿದಿದ್ದನು. ಆದರೆ ಆಶ್ರಯ ಕೊಟ್ಟವನ ಗತಿಯೇನಾಯಿತೆಂಬುದನ್ನು ವಾಚಕರು ಗಮನಿಸಬೇಕು. ೧೮೦೨ ರ ಬಸ್ಸೀನ್ ಒಪ್ಪಂದದಿಂದ ಪೇಶ್ವೆಯು ಕಂಪನಿಯನ್ನು ಕೇಳದೆ ಬೇರೆ ರಾಜ್ಯಗಳೊಡನೆ ವ್ಯವಹರಿಸಬಾರದೆಂದಾಯಿತು. ೧೮೧೭ ರ ಜೂನಿನ ಪುಣೆ ಒಪ್ಪಂದದಿಂದ ಪರರಾಜ್ಯಗಳಲ್ಲಿದ್ದ ತನ್ನ ವಕೀಲರನ್ನು ಅವನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಧಾರವಾಡದ ಕೋಟೆಯನ್ನು ಬಿಟ್ಟುಕೊಟ್ಟದ್ದೂ ಇದೇ ಒಪ್ಪಂದದಲ್ಲಿ. ಅದೇ ವರ್ಷದ ಕೊನೆಗೆ ಯುದ್ಧ ಬಂದಾಗ ಥಾಮಸ್ ಮನ್ರೋ ಅಲ್ಪ ಸೈನ್ಯದಿಂದ, ಸ್ಥಳೀಯವಾಗಿ ಕೂಡಿಸಿದ ಕಾಲಾಳುಗಳ ನೆರವಿನಿಂದ, ಈ ಪ್ರಾಂತವನ್ನು ವಶಪಡಿಸಿಕೊಂಡನು. ೧೭೫೬ ರೊಡನೆ ಹೋಲಿಸಿದರೆ ಈ ಸೀಮೆಯಲ್ಲಿ ನಡೆದ ಕದನ ಸಣ್ಣದು; ಪರಿಣಾಮ ಮಾತ್ರ ಬಹು ದೊಡ್ಡದು. ಕತ್ತಿ ಹಿರಿಯುವ ಮೊದಲೇ ಲೇಖನಿ ಕೈಬಿಟ್ಟುಹೋಗಿತ್ತು. ಸವಣೂರು, ಸಾಂಗಲಿ, ಮೀರಜ, ಜಮಖಂಡಿಗಳು ಆಮೇಲೂ ಉಳಿದವು, ಸಿಂಹಾಸನಗಳೂ ಉಳಿದವು. ಆದರೆ ಒಂದು ಸಂಸ್ಥಾನವು ಇನ್ನೊಂದಕ್ಕೆ ರಾಜಕಾರಣದ ಪತ್ರ ಬರೆಯುವ ಕಾಲ ಮುಗಿಯಿತು. ಸವಣೂರಿನ ಮಟ್ಟಿಗೆ ಧಾರವಾಡದ ಕಲೆಕ್ಟರನೇ ಪೊಲಿಟಿಕಲ್ ಏಜೆಂಟನಾದನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ನವಾಬನಿಗೆ ಲೇಖನಿ ಇದ್ದರೇನು, ಹೋದರೇನು. ಹುಲಗೂರಿನ ಒಕ್ಕಲಿಗನಿಗೆ ಅದರಿಂದ ಬಂದ ಲಾಭವೇನು? ಆಕ್ಷೇಪ ನ್ಯಾಯವಾದದ್ದು. ಹಳೆಯ ವ್ಯವಸ್ಥೆಯಲ್ಲಿ ಒಡೆಯನ ಕಂದಾಯದ ಜೊತೆಗೆ ನಾಲ್ಕರಲ್ಲೊಂದು ಪಾಲಿನ ಚೌಥ, ಹತ್ತರಲ್ಲೊಂದು ಪಾಲಿನ ಸರದೇಶಮುಖಿ, ದಂಡು ಬಂದಾಗ ಮೇವು ಕಾಳುಗಳ ಸುಲಿಗೆ ಇವೆಲ್ಲದರ ಭಾರವೂ ಕೊನೆಗೆ ಬೀಳುತ್ತಿದ್ದುದು ಹೊಲದ ಮೇಲೆಯೇ. ಆದ್ದರಿಂದ ಆ ಕಾಲವನ್ನು ನಾವು ಕೊಂಡಾಡುತ್ತಿಲ್ಲ. ವ್ಯವಸ್ಥೆ ಯಾವಾಗ ಬದಲಾಯಿತೆಂದು ಅಳೆಯುವ ಅಳತೆಗೋಲು ಯಾವುದು ಎಂಬಷ್ಟೇ ನಮ್ಮ ವಿಚಾರ. ಗೆದ್ದವರು ಯಾರು ಎಂಬುದು ಆ ಅಳತೆಗೋಲಲ್ಲ. ಪಕ್ಷಗಾರನಾಗಿ ಮಾತನಾಡುವ ಹಕ್ಕು ಯಾರಿಗೆ ಉಳಿಯಿತು ಎಂಬುದೇ ಅಳತೆಗೋಲು.

ಇದೇ ಅಳತೆಯಿಂದ ಮುಂದಿನ ಘಟ್ಟವನ್ನೂ ನೋಡಬಹುದು. ೧೯೪೮ ರ ಮಾರ್ಚಿನಲ್ಲಿ ಸವಣೂರು ಮತ್ತು ನೆರೆಯ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ ರ ನವೆಂಬರ್ ೧ ರಂದು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. ಗುಂಡಿನ ಸದ್ದಿಲ್ಲದೆ ನೂರಮೂವತ್ತು ವರ್ಷಗಳ ನಕ್ಷೆ ಅಳಿಯಿತು. ಆದರೆ ಅದೇ ೧೯೪೮ ರ ಆಗಸ್ಟಿನಲ್ಲಿ ಹೈದರಾಬಾದು ತನ್ನ ದೂರನ್ನು ಭದ್ರತಾ ಮಂಡಲಿಗೆ ಒಯ್ದಿತು. ತಾನೂ ಒಬ್ಬ ಪಕ್ಷಗಾರನೆಂದು ಲೋಕದ ಮುಂದೆ ಸಾಧಿಸುವ ಯತ್ನವದು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯುವುದರೊಂದಿಗೆ ಆ ಯತ್ನವೂ ಮುಗಿಯಿತು. ಪಕ್ಷಗಾರನಾಗುವ ಹಕ್ಕು ಆ ವೇಳೆಗೆ ಸಂಸ್ಥಾನಗಳಿಂದ ದಾಟಿ ಭಾರತ ಸರ್ಕಾರಕ್ಕೆ ಸೇರಿಬಿಟ್ಟಿತ್ತು.

ಆದರೂ ನಮ್ಮ ಅಳತೆಗೋಲಿಗೆ ಒಂದು ಮಿತಿಯುಂಟು. ಭಾರತವು ಸ್ವತಂತ್ರವಾಗುವ ಮೊದಲೇ ೧೯೪೫ ರಲ್ಲಿ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯವಾಗಿತ್ತು. ಆಸನವಿತ್ತು, ಅಲ್ಲಿ ಕುಳಿತು ಆಡುವ ಮಾತು ತನ್ನದಾಗಿರಲಿಲ್ಲ. ಅಂದು ೫೧ ಇದ್ದ ಸದಸ್ಯರಾಷ್ಟ್ರಗಳು ಇಂದು ೧೯೩ ಆಗಿವೆ. ಈ ಹೆಚ್ಚಳವನ್ನು ಕಂಡು ಲೋಕದ ವ್ಯವಸ್ಥೆ ಅಷ್ಟು ಪಾಲು ಸಮಾನವಾಯಿತೆಂದು ಭಾವಿಸುವುದು ತಪ್ಪು. ೧೮೧೮ ರ ಬಳಿಕ ಸವಣೂರಿನಲ್ಲಿ ಸಿಂಹಾಸನ ಉಳಿದಿತ್ತು ಎಂಬುದನ್ನು ನೆನೆದರೆ ಸಾಕು. ಆಸನದ ಲೆಕ್ಕ ಬೇರೆ, ಮಿತ್ರನನ್ನು ಆರಿಸಿಕೊಳ್ಳುವ ಶಕ್ತಿಯ ಲೆಕ್ಕ ಬೇರೆ.

ಆದುದರಿಂದ ಈ ಪ್ರಾಂತದ ಇತಿಹಾಸವನ್ನು ಮುಂದೆ ಬರೆಯುವವರು ಯುದ್ಧಗಳ ಪಟ್ಟಿಗಿಂತ ಸಂಧಿಗಳ ಕಲಮುಗಳನ್ನೂ ವಕೀಲರ ಹೋಗಿಬರುವಿಕೆಯನ್ನೂ ಹೆಚ್ಚು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಬಿದ್ದ ಕೋಟೆಗಳ ಲೆಕ್ಕ ನಮಗೆ ಈಗಾಗಲೇ ಸಿಕ್ಕಿದೆ. ನಿಂತುಹೋದ ಪತ್ರಗಳ ಲೆಕ್ಕವನ್ನು ಇನ್ನು ಮೇಲೆ ಬರೆಯಬೇಕಾಗಿದೆ.